ಪೈಲ್ವಾನನ ಲಂಗೋಟಿ, ಅಡುಗೆಯವನ ಬೆನ್ನು

1978ರ ಬೇಸಿಗೆ. ನಾನಾಗ ಬೆಳಗಾವಿಯಲ್ಲಿ ಸಿನಿಮಾದವರ ಪ್ರೊಡಕ್ಷನ್ ಮ್ಯಾನೇಜರ್. ಹೆಸರು ಕೇಳಲು ದೊಡ್ಡದು, ಕೆಲಸ ಮಾತ್ರ ಹಮಾಲಿ. ಬೆಂಗಳೂರಿನಿಂದಲೋ ಮದ್ರಾಸಿನಿಂದಲೋ ಶೂಟಿಂಗಿಗೆ ಬಂದ ಯುನಿಟ್ಟಿಗೆ ಇಳಿದುಕೊಳ್ಳಲು ಜಾಗ, ನಸುಕಿಗೆ ಚಹಾ, ಜನರೇಟರಿಗೆ ಡೀಸೆಲ್, ಹೀರೋ ಹತ್ತಲು ಕುದುರೆ, ಆ ಕುದುರೆ ಒದ್ದರೆ ಡಾಕ್ಟರು, ಇಷ್ಟನ್ನೂ ಹೊಂದಿಸಿ ಕೊಡುವವನು ನಾನು. ಸಿನಿಮಾ ಓಡಿದರೆ ಹಾರ ನಿರ್ದೇಶಕನ ಕೊರಳಿಗೆ, ಚಹಾ ತಣ್ಣಗಾದರೆ ಬೈಗುಳ ನನ್ನ ತಲೆಗೆ. ಅದರ ಬಗ್ಗೆ ನನಗೇನೂ ಬೇಜಾರಿಲ್ಲ. ಬೇಜಾರಿರುವುದು ಆ ಬೇಸಿಗೆಯ ಒಂದೇ ಒಂದು ಸಿನಿಮಾದ ಬಗ್ಗೆ, ಅದೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕ ಸಿನಿಮಾ.

ಹಳೇ ಕಾಲದ ನಗೆಚಿತ್ರ ಅದು. ಕಾಲು ಜಾರಿ ಬೀಳುವುದು, ಮುಖಕ್ಕೆ ಹಿಟ್ಟು ಮೆತ್ತಿಕೊಳ್ಳುವುದು, ಓಡಿಹೋಗಿ ಸಗಣಿ ಗುಂಡಿಗೆ ಧುಮುಕುವುದು. ಕತೆ ಇಷ್ಟೇ: ಕಡ್ಡಿಯಂಥ ಒಬ್ಬ ದರ್ಜಿ, ಗೋಡೆಯಂಥ ಒಬ್ಬ ಪೈಲ್ವಾನ, ಇಬ್ಬರಿಗೂ ಊರ ಗೌಡರ ಮಗಳ ಮೇಲೆ ಮನಸ್ಸು. ಕುಸ್ತಿಯಲ್ಲಿ ಗೆದ್ದವನಿಗೆ ಮಗಳು ಅಂತ ಗೌಡರು ಹೇಳಿಬಿಡುತ್ತಾರೆ. ದರ್ಜಿ ಮೈತುಂಬ ಹರಳೆಣ್ಣೆ ಬಳಿದುಕೊಂಡು ಕಣಕ್ಕಿಳಿಯುತ್ತಾನೆ. ಪೈಲ್ವಾನ ಹಿಡಿದಲ್ಲೆಲ್ಲ ಜಾರುತ್ತಾನೆ. ನಡುವೆ ಒಂದು ಹೋತ ನುಗ್ಗಿ ಪೈಲ್ವಾನನ ಹೊಟ್ಟೆಗೆ ಗುದ್ದುತ್ತದೆ, ಅವನು ಅಂಗಾತ ಬೀಳುತ್ತಾನೆ, ದರ್ಜಿ ಅವನ ಎದೆಯ ಮೇಲೆ ಬೀಳುತ್ತಾನೆ, ಸೀಟಿ, ಹಲಗಿ, ಮದುವೆ, ಮುಗೀತು.

ಖಾನಾಪುರದ ಹೊರಗೆ, ಮಲಪ್ರಭೆಯ ದಂಡೆಯ ಒಂದು ಹೊಲದಲ್ಲಿ ಕುಸ್ತಿ ಕಣ ಸಿದ್ಧಮಾಡಿಸಿದೆ. ಪೈಲ್ವಾನನ ಪಾತ್ರಕ್ಕೆ ಖರೇ ಪೈಲ್ವಾನನೇ ಬೇಕೆಂದು ನಿರ್ದೇಶಕನ ಹಟ. ಹುಡುಕಿದಾಗ ಸಿಕ್ಕವನು ಬೀಡಿ ಊರಿನ ಮಲ್ಲಪ್ಪ. ಬೆಳಗಾವಿಯಲ್ಲಿ ಬಾಳಪ್ಪ ವಸ್ತಾದರ ತಾಲೀಮಿನಲ್ಲಿ ಸಣ್ಣವನಿದ್ದಾಗಿನಿಂದ ಬೆಳೆದವನು. ನಮ್ಮ ಕಡೆ ಗರಡಿಮನೆಗೆ ತಾಲೀಮು ಅಂತಾರೆ, ಕುಸ್ತಿ ಕಲಿಸುವ ಗುರುವಿಗೆ ವಸ್ತಾದ. ವಸ್ತಾದರ ಮಗಳು ಶಾಂತಾಳನ್ನು ಮಲ್ಲಪ್ಪನಿಗೆ ಕೊಡುವುದೆಂದು ಆಗಲೇ ಮಾತಾಗಿತ್ತು, ಮುಂದಿನ ವರ್ಷ ಅಕ್ಕಿಕಾಳು, ಅಂದರೆ ಮದುವೆ. ಅವನಿಗೆ ಸಿನಿಮಾದ ಹುಚ್ಚೇನೂ ಇರಲಿಲ್ಲ. ಮತ್ತೆ ಯಾಕೆ ಒಪ್ಪಿಕೊಂಡೆಯಪ್ಪ ಅಂದರೆ ಕಿವಿ ಕೆಂಪಗೆ ಮಾಡಿಕೊಂಡು ಹೇಳಿದ: "ಮದುವಿ ಆಗೂತನಕಾ ಅಕಿ ನನ್ನ ಕಣ್ಣೆತ್ತಿ ನೋಡೂವಂಗಿಲ್ರೀ ಸಾಹೇಬ್ರ. ಪಡದೆ ಮ್ಯಾಲ ಬಂದ್ರ ಎಷ್ಟ್ ಬೇಕಷ್ಟ್ ನೋಡಬಹುದಲ್ರಿ, ಯಾರ್ ಬ್ಯಾಡ ಅಂತಾರ?"

ಎಂಥಾ ಮಾತು! ಅಷ್ಟು ದೊಡ್ಡ ಮೈಯೊಳಗೆ ಇಂಥಾದ್ದೊಂದು ಆಸೆ ಕೂತಿದೆ ಅಂತ ಯಾರಿಗೆ ಗೊತ್ತಿತ್ತು? ನನಗೆ ನಗು ಬಂತು, ಅವನ ಮೇಲೆ ಪ್ರೀತಿಯೂ ಬಂತು.

ಮೊದಲ ದಿನವೇ ಕಾಸ್ಟ್ಯೂಮಿನವನು ಒಂದು ಹೊಸ ಲಂಗೋಟಿ ಕೊಟ್ಟ. ಮಲ್ಲಪ್ಪ ಕೈಯಿಂದಲೂ ಮುಟ್ಟಲಿಲ್ಲ. "ಬ್ಯಾರೇದವರು ಕೊಟ್ಟದ್ದು ನಾ ಉಡಂಗಿಲ್ರೀ" ಅಂದ. ವಸ್ತಾದರು ಹುಡುಗನನ್ನು ಶಿಷ್ಯನೆಂದು ಒಪ್ಪಿದ ದಿನ ಹನುಮಪ್ಪ ದೇವರ ಮುಂದೆ ನಿಲ್ಲಿಸಿ ತಾವೇ ಒಂದು ಲಂಗೋಟಿ ಕಟ್ಟುತ್ತಾರಂತೆ. ಅವನು ಬೆಳೆದ ಹಾಗೆ ಹೊಸ ಬಟ್ಟೆ ಬಂದರೂ ಮೊದಲಿನದರ ಅಂಚಿನ ಪಟ್ಟಿಯನ್ನು ಬಿಚ್ಚಿ ಹೊಸದಕ್ಕೆ ಹೊಲಿಯುತ್ತಾರಂತೆ. ಮಲ್ಲಪ್ಪನದು ಕೆಂಪು ಬಟ್ಟೆ, ಹಸಿರು ಪಟ್ಟಿ. ಇರಲಿ ಬಿಡಪ್ಪ, ನಿನ್ನದನ್ನೇ ಉಡು ಅಂದೆವು. ಮೂರು ದಿನ ಕ್ಲೋಸಪ್ ಎಲ್ಲ ಅದರಲ್ಲೇ ತೆಗೆದರು.

ಆ ಮೂರು ದಿನದ ಮಜಾ ಏನು ಹೇಳಲಿ! ಹೋತ ಪೈಲ್ವಾನನಿಗೆ ಗುದ್ದಲು ಒಲ್ಲದೆ ನಿರ್ದೇಶಕನನ್ನೇ ಅಟ್ಟಿಸಿಕೊಂಡು ಹೋಯಿತು. ಅವನು ಮಾವಿನ ಗಿಡ ಹತ್ತಿ ಕೂತು ಅಲ್ಲಿಂದಲೇ "ಕಟ್ ಕಟ್" ಅಂತ ಕೂಗಿದ. ಹರಳೆಣ್ಣೆ ಮೈಯ ದರ್ಜಿ ಮಲ್ಲಪ್ಪನ ಕೈಯಿಂದ ಜಾರಿ ಸೀದಾ ಹಲಗಿ ಬಾರಿಸುವವನ ತೊಡೆಯ ಮೇಲೆ ಕೂತ. ನೋಡಲು ಬಂದ ಮಂದಿ ನಕ್ಕೂ ನಕ್ಕೂ ಸುಸ್ತಾದರು. ಮಲ್ಲಪ್ಪನೂ ನಕ್ಕ.

ನಾಲ್ಕನೇ ದಿನ ನಿರ್ದೇಶಕ ಅವನನ್ನು ಕರೆದು, ಇವತ್ತು ನೀನು ಅಂಗಾತ ಬೀಳಬೇಕು ಅಂದ. ಮಲ್ಲಪ್ಪನ ಮುಖ ಇಳಿದುಹೋಯಿತು. ಕರೆಸುವಾಗ ಅವನಿಗೆ ಹೇಳಿದ್ದು, ಕಣದಲ್ಲಿ ನಿಂತು ತೊಡೆ ತಟ್ಟಿದರೆ ಸಾಕು ಅಂತ. ಬೀಳುವ ಮಾತನ್ನು ನಿರ್ದೇಶಕ ಅವನಿಂದಲೂ ಮುಚ್ಚಿಟ್ಟಿದ್ದ, ನನ್ನಿಂದಲೂ. ಕುಸ್ತಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿತೆಂದರೆ ಸೋತಂತೆ, ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮಲ್ಲಪ್ಪ ಕೈಮುಗಿದ: "ಆಟಕ್ಕೂ ಬೀಳಂಗಿಲ್ರೀ. ಇಂಥಾ ಕಡ್ಡಿ ಪೈಲ್ವಾನನ ಮುಂದ ಬಿದ್ದಾಂವಗ ನಮ್ಮ ವಸ್ತಾದರು ಮಗಳನ್ನ ಕೊಟ್ಟಾರೇನ್ರಿ?"

ನಿರ್ದೇಶಕ ಬೀಳುವುದಕ್ಕೆ ಡೂಪ್ ಹುಡುಕಿದ. ಡೂಪ್ ಅಂದರೆ ನಟನ ಬದಲು ಹೊಡೆತ ತಿನ್ನುವವನು. ಕ್ಯಾಮೆರಾ ಹಿಂದಿನಿಂದ ತೆಗೆದರೆ ಮುಖ ಕಾಣುವುದಿಲ್ಲ. ಹಿಂದಿನಿಂದ ಮಲ್ಲಪ್ಪನಷ್ಟೇ ಅಗಲವಿದ್ದವನು ನಮ್ಮ ಯುನಿಟ್ಟಿನಲ್ಲಿ ಒಬ್ಬನೇ, ಮದ್ರಾಸಿನ ಅಡುಗೆಯವನು. ಸಾಂಬಾರಿನ ಸೌಟು ಕೆಳಗಿಟ್ಟು ಖುಷಿಯಿಂದ ಬಂದ. ಆದರೆ ಲಂಗೋಟಿ? ಸಿನಿಮಾದಲ್ಲಿ ಕಂಟಿನ್ಯೂಟಿ ಅಂತ ಒಂದಿದೆ. ಈ ಶಾಟಿನಲ್ಲಿ ಉಟ್ಟದ್ದೇ ಮುಂದಿನ ಶಾಟಿನಲ್ಲೂ ಇರಬೇಕು, ಇಲ್ಲದಿದ್ದರೆ ನೋಡುವವನಿಗೆ ಮೋಸ ಗೊತ್ತಾಗುತ್ತದೆ. ಖಾನಾಪುರ ಪೇಟೆಗೆ ಓಡಿ ಅಂಥದೇ ಕೆಂಪು ಬಟ್ಟೆಗೆ ಹಸಿರು ಪಟ್ಟಿ ಹೊಲಿಸಿ ತಂದೆ. ಚಹಾ ಸುರಿದೆ, ಮಣ್ಣಿನಲ್ಲಿ ಹೊರಳಾಡಿಸಿದೆ, ಕಲ್ಲಿಗೆ ಉಜ್ಜಿದೆ. ಕ್ಯಾಮೆರಾಮನ್ ಒಂದೇ ನೋಟಕ್ಕೆ ತಲೆ ಅಲ್ಲಾಡಿಸಿದ. ವರ್ಷಗಟ್ಟಲೆ ಎಣ್ಣೆ ಬೆವರು ಕುಡಿದ ಬಟ್ಟೆಯ ಬಣ್ಣ ಒಂದು ಮಧ್ಯಾಹ್ನದಲ್ಲಿ ಹೇಗೆ ಬಂದೀತು?

ಹೊತ್ತು ಇಳಿಯುತ್ತಿತ್ತು, ಮರುದಿನ ಯುನಿಟ್ ಹೊರಡಬೇಕಿತ್ತು. ನಿರ್ದೇಶಕ ಮಲ್ಲಪ್ಪನಿಗೆ ನೇರವಾಗಿ ಹೇಳಿದ: ಒಂದು ನೀನು ಬೀಳು, ಇಲ್ಲ ಅದನ್ನು ಬಿಚ್ಚಿ ಕೊಡು, ಎರಡೂ ಇಲ್ಲವಾದರೆ ನಿನ್ನ ಶಾಟುಗಳನ್ನೆಲ್ಲ ಕಿತ್ತು ಬೇರೆಯವನನ್ನು ಹಾಕುತ್ತೇನೆ. ನಾನು ನಡುವೆ ಬಾಯಿ ಹಾಕಿದೆ, ಬೇಡ ಸರ್, ಬೀಳುವುದನ್ನೇ ಬಿಡೋಣ, ಹೋತನೇ ಸಾಕು ಅಂದೆ. ಚಹಾ ನೋಡಿಕೊಳ್ಳಿ ಅಂದುಬಿಟ್ಟ. ಹಾಗಾದರೆ ಶಾಂತಾ ತನ್ನನ್ನು ಪಡದೆಯ ಮೇಲೆ ನೋಡುವುದೇ ಇಲ್ಲವಲ್ಲ ಅನ್ನುವುದೊಂದೇ ಮಲ್ಲಪ್ಪನ ತಲೆಯಲ್ಲಿ. ಕೊನೆಗೆ ಗಿಡದ ಮರೆಗೆ ಹೋಗಿ, ಟವೆಲ್ ಸುತ್ತಿಕೊಂಡು ಬಂದು, ಲಂಗೋಟಿಯನ್ನು ಎರಡೂ ಕೈಯಿಂದ ಹಿಡಿದು ಕೊಟ್ಟ. "ಬೆನ್ನು ಉಳೀತಲ್ಲ, ಅಷ್ಟ ಸಾಕು" ಅಂದ. ಅಡುಗೆಯವನು ಉಟ್ಟ, ಬಿದ್ದ, ಒಂದೇ ಟೇಕಿಗೆ ಓಕೆ. ಬಟ್ಟೆ ವಾಪಸು ಬರುವಾಗ ಉಳ್ಳಾಗಡ್ಡಿ ವಾಸನೆ ಹೊಡೆಯುತ್ತಿತ್ತು. ಮಲ್ಲಪ್ಪ ಕತ್ತಲಾಗುವ ತನಕ ಅದನ್ನು ಹೊಳೆಯಲ್ಲಿ ತಿಕ್ಕಿ ತಿಕ್ಕಿ ತೊಳೆದ.

ಸಿನಿಮಾ ಬೆಳಗಾವಿಗೆ ಬಂದದ್ದು ಚಳಿಗಾಲದಲ್ಲಿ. ಮೊದಲ ಆಟಕ್ಕೇ ಬಾಳಪ್ಪ ವಸ್ತಾದರು ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದಿದ್ದರು. ಮೇಲೆ ಹೆಂಗಸರ ಸಾಲಿನಲ್ಲಿ ಶಾಂತಾ. ಮಲ್ಲಪ್ಪ ನಾಚಿಕೆಯಿಂದ ಒಳಗೆ ಕೂರದೆ ಬಾಗಿಲ ಪರದೆ ಹಿಡಿದುಕೊಂಡು ನನ್ನ ಬಾಜು ನಿಂತಿದ್ದ. ಅವನ ಮುಖ ಪಡದೆ ತುಂಬ ಬಂದಾಗ ಅವನು ಪಡದೆ ನೋಡಲೇ ಇಲ್ಲ, ಶಾಂತಾ ನೋಡುವುದನ್ನು ನೋಡುತ್ತಿದ್ದ. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಇಡೀ ಸಿನಿಮಾದಲ್ಲಿ ಅಷ್ಟು ಹೊತ್ತು ಮಾತ್ರ ಮಲ್ಲಪ್ಪ ಸುಖವಾಗಿದ್ದದ್ದು.

ಆಮೇಲೆ ಹೋತ ಬಂತು, ಬೆನ್ನು ಕಂಡಿತು, ಧೊಪ್ಪೆಂದು ಬಿತ್ತು. ಟಾಕೀಸು ಹಾರಿಹೋಗುವ ಹಾಗೆ ನಗು, ಸೀಟಿ, ಚಿಲ್ಲರೆ ತೂರಾಟ. "ಬಿತ್ತಲೇ ಬಾಳಪ್ಪನ ಪಟ್ಟಾ!" ಅಂತ ಯಾರೋ ಕೂಗಿದರು. ಪಟ್ಟಾ ಅಂದರೆ ವಸ್ತಾದರು ತಯಾರು ಮಾಡಿದ ಶಿಷ್ಯ. ಮಲ್ಲಪ್ಪ ಮೇಲೆ ನೋಡಿದ. ಶಾಂತಾ ಸೆರಗು ಬಾಯಿಗೆ ಒತ್ತಿಕೊಂಡು, ಮೈ ಅಲುಗುವ ಹಾಗೆ ನಗುತ್ತಿದ್ದಳು. ಅವನು ಪರದೆ ಬಿಟ್ಟು ಹೊರಗೆ ಹೋದ.

ಮರುದಿನ ನಸುಕಿನಲ್ಲೇ ನನ್ನ ಮನೆ ಬಾಗಿಲಿಗೆ ಬಂದ. "ನಾ ಬಿದ್ದೆ ಅಂತ ತಿಳದು ನಕ್ಕಾಳ್ರೀ ಅಕಿ. ನೀವು ಕಣ್ಣಾರೆ ನೋಡೀರಿ. ವಸ್ತಾದರ ಮುಂದ ಬಂದು ಹೇಳ್ರಿ, ನಿಮ್ಮ ಕಾಲಿಗೆ ಬೀಳ್ತೇನಿ." ಹೋಗದೆ ಇರಲು ಆಗುತ್ತದೆಯೇ? ಹೋದೆ.

ವಸ್ತಾದರು ತಾಲೀಮಿನ ಕಟ್ಟೆಯ ಮೇಲೆ ಕೂತಿದ್ದರು. ಅವರ ಹಿಂದೆ ಮನೆಯ ಬಾಗಿಲು ಅರ್ಧ ತೆರೆದಿತ್ತು, ಒಳಗಿನಿಂದ ಒಮ್ಮೆ ಬಳೆ ಸದ್ದಾಯಿತು. "ಬರ್ರಿ, ಕುಂದರ್ರಿ" ಅಂದರು. ನಾನು ಡೂಪ್ ಅಂದರೇನು, ಕ್ಯಾಮೆರಾ ಎಲ್ಲಿತ್ತು, ಬಿದ್ದದ್ದು ಅಡುಗೆಯವನು ಅನ್ನುವುದನ್ನೆಲ್ಲ ಬಿಡಿಸಿ ಹೇಳಿದೆ. ಅವರು ಒಂದು ಸಲವೂ ಅಡ್ಡ ಬರಲಿಲ್ಲ. ನಾನು ಮುಗಿಸಿದ ಮೇಲೆ ಅಂದರು: "ಅಂವ ಬಿದ್ದಿಲ್ಲ ಅನ್ನೂದು ನನಗ ಟಾಕೀಸಿನ್ಯಾಗ ಗೊತ್ತಾಗೇತ್ರಿ. ಸಣ್ಣಾಂವ ಇದ್ದಾಗಿಂದ ಆ ಬೆನ್ನಿಗೆ ಎಣ್ಣಿ ತಿಕ್ಕೇನಿ, ಗುರ್ತು ಸಿಗೂದಿಲ್ಲೇನು?"

ಮಲ್ಲಪ್ಪನ ಮುಖ ಅರಳಿತು. ನನಗೂ ಉಸಿರು ಬಂದಂತಾಯಿತು. ವಸ್ತಾದರು ಅವನ ಕಡೆ ತಿರುಗಿದರು.

"ಲಂಗೋಟಿ ಯಾರದು?"

ಮಲ್ಲಪ್ಪ ಕೈಯಲ್ಲಿದ್ದ ಚೀಲವನ್ನು ಎದೆಗೆ ಒತ್ತಿಕೊಂಡ.

"ಬೀಳಬೇಕಿತ್ತಲೋ ಮಗನ," ಅಂದರು ವಸ್ತಾದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಬಿದ್ದಾಂವ ಎದ್ದು ಬರ್ತಾನ. ನಾ ಎಷ್ಟ್ ಸಲ ಬಿದ್ದಿಲ್ಲ? ಹನುಮಪ್ಪನ ಮುಂದ ನಾ ಕಟ್ಟಿದ್ದನ್ನ ಬಿಚ್ಚಿ ಮಂದಿ ಕೈಯಾಗ ಕೊಟ್ಯಲ್ಲ. ನಾಳೆ ನನ್ನ ಮಗಳನ್ನ ಹೆಂಗ ಕೈ ಹಿಡದು ಕೊಡ್ಲಿ ನಿನಗ?"

ನಾನು ಬಾಯಿ ತೆರೆದೆ. ಬಣ್ಣ ಹೊಂದಲಿಲ್ಲ, ಹೊತ್ತು ಇಳಿದಿತ್ತು, ನಿರ್ದೇಶಕ ಹೆದರಿಸಿದ, ಇವನು ಪಾಪ ಅಂತ ಏನೇನೋ ಅಂದೆ. ಅವರು ಕೈಮುಗಿದು ನನ್ನನ್ನು ಸುಮ್ಮನಾಗಿಸಿದರು. ಮಲ್ಲಪ್ಪ ಅರ್ಧ ತೆರೆದ ಬಾಗಿಲನ್ನೇ ನೋಡುತ್ತ ನಿಂತ. ಒಂದು ಮಾತು, ಒಂದು ಅಳು, ಬಳೆಯ ಸದ್ದಾದರೂ ಬಂದೀತೆಂದು. ಏನೂ ಬರಲಿಲ್ಲ. ಅವನು ಚೀಲದಿಂದ ಲಂಗೋಟಿ ತೆಗೆದು ಕಟ್ಟೆಯ ಮೇಲಿಟ್ಟು, ವಸ್ತಾದರ ಕಾಲು ಮುಟ್ಟಿ ಹೊರಟುಬಿಟ್ಟ. ದಾರಿಯಲ್ಲಿ ನನಗೆ ಒಂದೇ ಮಾತು ಹೇಳಿದ: "ನಕ್ಕಾಕಿ ಯಾಕ ಅಳತಾಳ್ರಿ."

ಶಾಂತಾಳನ್ನು ಮುಂದೆ ಖಾನಾಪುರದ ಒಂದು ಮನೆಗೆ ಕೊಟ್ಟರು. ಮಲ್ಲಪ್ಪ ಕಣಕುಂಬಿ ಕಡೆ ಕಾಡಿನಲ್ಲಿ ದಿಮ್ಮಿ ಹೊರುತ್ತಿದ್ದಾನೆ ಅಂತ ಕೆಲವು ವರ್ಷ ಕೇಳಿದೆ, ಆಮೇಲೆ ಅದೂ ಇಲ್ಲ. ಸಿನಿಮಾ ಮಾತ್ರ ಓಡುತ್ತಲೇ ಇತ್ತು. ಎಲ್ಲಿ ಹಾಕಿದರೂ ಜನ ಅದೇ ಜಾಗದಲ್ಲಿ ನಗುತ್ತಿದ್ದರು, ನಾನು ಅದೇ ಜಾಗದಲ್ಲಿ ಎದ್ದು ಹೊರಗೆ ಬರುತ್ತಿದ್ದೆ.

1986ರಲ್ಲಿ ಬೇರೊಂದು ಯುನಿಟ್ಟಿನ ಕೆಲಸಕ್ಕೆ ಖಾನಾಪುರಕ್ಕೆ ಹೋದಾಗ ಅಲ್ಲಿಯ ಟೂರಿಂಗ್ ಟಾಕೀಸಿನಲ್ಲಿ ಅದೇ ಹಾಳು ಸಿನಿಮಾ. ಟೆಂಟಿನ ಹೊರಗೆ ನಿಂತಿದ್ದಾಗ ಇಬ್ಬರು ಮಕ್ಕಳ ಕೈ ಹಿಡಿದಿದ್ದ ಹೆಂಗಸೊಬ್ಬಳು ನನ್ನ ಹತ್ತಿರ ಬಂದಳು. ಶಾಂತಾ. "ಅಣ್ಣಾರ, ಆ ದಿನ ನೀವು ಅಪ್ಪಗ ಹೇಳಿದ್ದು ನನಗ ಮೊದಲ ಗೊತ್ತಿತ್ರಿ" ಅಂದಳು.

"ಏನು ಗೊತ್ತಿತ್ತವ್ವಾ?"

"ಬಿದ್ದಾಂವ ಅವರಲ್ಲ ಅಂತ. ನಮ್ಮ ಅಡಗಿಮನಿ ಕಿಡಕಿಯಿಂದ ತಾಲೀಮಿನ ಬಾವಿ ಕಾಣ್ತಿತ್ರಿ, ಅವರು ಅಲ್ಲೇ ಜಳಕಾ ಮಾಡತಿದ್ರು. ಟಾಕೀಸಿನ್ಯಾಗ ಮೊದಲ ಜೀವಾ ಹೋದಂಗ ಆತು. ಆಮ್ಯಾಲೆ ಬೆನ್ನು ನೋಡಿದೆ. ಅಯ್ಯ, ಇದ್ಯಾವುದೋ ಹಿಟ್ಟಿನ ಚೀಲ! ಅವರಲ್ಲ ಅಂತ ಖುಷಿಗೆ ನಗು ತಡಕೊಳ್ಳಾಕ ಆಗ್ಲಿಲ್ರಿ." ಮತ್ತೆ ಅಂದಳು: "ನೀವು ಬಂದಾಗ ನಾ ಒಳಗ ಬಾಗಲಾ ಹಿಡಕೊಂಡು ನಿಂತಿದ್ದೆ. ಮಾತಾಡಿದ್ರ, ಅವನ ಬೆನ್ನು ನಿನಗ ಹೆಂಗ ಗೊತ್ತು ಅಂತಿದ್ದ ಅಪ್ಪ. ಆ ಅಂಜಿಕಿಗೆ ಬಳಿ ಸುದ್ದಾ ಒತ್ತಿ ಹಿಡಿದಿದ್ದೆ." ಇಷ್ಟು ಹೇಳಿ ಮಕ್ಕಳನ್ನು ಎಳೆದುಕೊಂಡು ಟೆಂಟಿನೊಳಗೆ ಹೋದಳು.

ನನಗೆ ನಿಲ್ಲಲು ಆಗಲಿಲ್ಲ. ಯಾರ್ಯಾರನ್ನೋ ಕೇಳಿ ಕೇಳಿ ಕೊನೆಗೆ ಬೆಳಗಾವಿ ಹತ್ತಿರದ ಮಚ್ಛೆಯ ಒಂದು ಕಾರ್ಖಾನೆಯ ಗೇಟಿನಲ್ಲಿ ಮಲ್ಲಪ್ಪನನ್ನು ಹಿಡಿದೆ. ವಾಚ್‌ಮನ್ ಆಗಿದ್ದ. ಮೈ ಇಳಿದಿತ್ತು, ಖಾಕಿ ಅಂಗಿ ಭುಜದಿಂದ ಜೋತುಬಿದ್ದಿತ್ತು, ಮದುವೆಯಾಗಿರಲಿಲ್ಲ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಚಹಾ ತರಿಸಿದ. ಶಾಂತಾ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವನಿಗೆ ಸಮಾಧಾನವಾದೀತು ಅಂತ ನನ್ನ ಎಣಿಕೆ.

ಅವನು ಚಹಾದ ಕಪ್ಪು ಕೆಳಗಿಟ್ಟ.

"ನಕ್ಕಳು ಅನ್ನೂ ಸಿಟ್ಟಿನ ಮ್ಯಾಲ ಇಷ್ಟ್ ವರ್ಷಾ ದಬ್ಬೇನ್ರೀ ಸಾಹೇಬ್ರ," ಅಂದ. "ಈಗ ಅದನ್ನೂ ಕಸಗೊಂಡ್ರಿ. ಇನ್ನ ಯಾತರ ಮ್ಯಾಲ ದಿನಾ ದಬ್ಬಲಿ?"

ಪಾಳಿ ಬಿಡುವ ಸೈರನ್ ಆಯಿತು, ಅವನು ಎದ್ದು ಗೇಟು ತೆರೆಯಲು ಹೋದ.

ಆಮೇಲೆಯೂ ನಾನು ಬಹಳ ವರ್ಷ ಈ ಕೆಲಸ ಮಾಡಿದೆ. ಊರವರ ಮನೆಯಿಂದ ಏನೇ ತಂದರೂ, ಒಂದು ಕಂಬಳಿಯಾಗಲಿ, ತೊಟ್ಟಿಲಾಗಲಿ, ಮುರುಕು ಲಾಟೀನಾಗಲಿ, ಅದನ್ನು ಕ್ಯಾಮೆರಾದ ಮುಂದೆ ಇಡುವ ಮೊದಲು ಕೇಳುತ್ತಿದ್ದೆ: "ಇದನ್ನ ನಿಮಗ ಯಾರು ಕೊಟ್ಟಾರ್ರಿ?" ಅವರು ಹೇಳುವಾಗ ಮುಖ ನೋಡುತ್ತಿದ್ದೆ. ಮುಖ ಸ್ವಲ್ಪ ಬೇರೆಯಾದರೂ ಸಾಕು, ಕೈಮುಗಿದು ವಾಪಸು ಕೊಟ್ಟು ಪೇಟೆಯಿಂದ ಹೊಸದು ತರಿಸುತ್ತಿದ್ದೆ. ಬಣ್ಣ ಹೊಂದುತ್ತಿರಲಿಲ್ಲ. ಕ್ಯಾಮೆರಾಮನ್ನುಗಳು ಬೈಯುತ್ತಿದ್ದರು. ಬೈಯಲಿ.