ಓಡುದಾರಿ ಎಷ್ಟುದ್ದ ಎಂದು ಮೊದಲು ಕೇಳುವ ಡೆಲ್ಮಾ

ಬೆಳಗಿನ ಐದೂವರೆ. ಯಾರ್ಕ್ ಪರ್ಯಾಯ ದ್ವೀಪದ ಬಾರ್ಲಿ ಹೊಲಗಳ ನಡುವೆ ಇರುವ ನಮ್ಮ ವಾರಿಂಗಾ ವಿಮಾನದಂಗಳದಲ್ಲಿ ಗಲಾ ಗಿಳಿಗಳು ಆಗಲೇ ಗದ್ದಲ ಎಬ್ಬಿಸಿವೆ. ಅಂಗಳದ ಅಂಚಿನ ತಗಡಿನ ಶೆಡ್ಡಿನಲ್ಲಿ ಅರವತ್ತೇಳರ ಡೆಲ್ಮಾ ಟ್ರೆಲೋರ್ ಹೊಸ ಪ್ರೊಪೆಲರ್ ಒಂದನ್ನು ಕಬ್ಬಿಣದ ಸಲಾಕೆಗೆ ಏರಿಸಿ, ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ. ಎಡಗಡೆಯ ಅಲಗು ತುಸುವೇ ಕೆಳಗೆ ವಾಲುತ್ತದೆ. ಸ್ಯಾಂಡ್‌ಪೇಪರಿನಿಂದ ನಾಲ್ಕು ಸಲ ಉಜ್ಜಿ ಮತ್ತೆ ಕೈ ಬಿಡುತ್ತಾರೆ. ಈ ಸಲ ಎರಡೂ ಸಮ.

"ಬಾಗಿಲು ಹಾಕು, ಗಾಳಿ ಬರುತ್ತೆ." ಅವರ ಬಗ್ಗೆ ಬರೆಯಲು ಬಂದ ನನ್ನನ್ನು ಕಂಡು ಅವರು ಆಡುವ ಮೊದಲ ಮಾತು ಇದು.

ಮನೆಯಲ್ಲೇ ಪುಟ್ಟ ವಿಮಾನ ಕಟ್ಟಿಕೊಳ್ಳುವವರು ನಮ್ಮ ಕಡೆ ಕಡಿಮೆಯೇನಿಲ್ಲ. ಅದು ಹಾರಿದ ದಿನ ಕಟ್ಟಿದವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಮೂತಿಯಲ್ಲಿ ತಿರುಗುವುದನ್ನು ಕೆತ್ತಿಕೊಟ್ಟವರ ಹೆಸರು ಬರುವುದಿಲ್ಲ. ದೋಣಿ ಕಟ್ಟುತ್ತಿದ್ದ ಅಪ್ಪನ ಬಳಿ ಮರಗೆಲಸ ಕಲಿತ ಡೆಲ್ಮಾ ಮೂವತ್ತೊಂದು ವರ್ಷಗಳಲ್ಲಿ ನಾನೂರ ಹನ್ನೆರಡು ಪ್ರೊಪೆಲರ್ ಮಾಡಿದ್ದಾರೆ. ಹೂಪ್ ಪೈನ್ ಮರದ ಏಳು ಹಲಗೆಗಳನ್ನು ಅಂಟಿಸಿ, ವಾರ ಒಣಗಲು ಬಿಟ್ಟು, ಆಮೇಲೆ ಕೈಯಲ್ಲೇ ಕೆತ್ತುವುದು ಇಪ್ಪತ್ತಾರು ಗಂಟೆಗಳ ಕೆಲಸ. ಸಂಧಿವಾತದಿಂದ ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲ. ಉಪಕರಣಗಳ ಹಿಡಿಗೆ ಸೈಕಲ್ಲಿನ ರಬ್ಬರ್ ತೊಡಿಸಿಕೊಂಡಿದ್ದಾರೆ.

"ಕೆತ್ತೋದು ಕಷ್ಟ ಅಲ್ಲ, ಯಾವುದು ಬೇಕು ಅಂತ ಆರಿಸೋದು ಕಷ್ಟ" ಎನ್ನುತ್ತಾರೆ. ಅಲಗಿನ ತಿರುಚು, ಅಂದರೆ ಅದರ ಓರೆಕೋನ, ಕಡಿಮೆಯಿದ್ದರೆ ವಿಮಾನ ಬೇಗ ಮೇಲೇರುತ್ತದೆ, ಆದರೆ ಮೇಲೆ ಹೋದ ಮೇಲೆ ನಿಧಾನ. ತಿರುಚು ಹೆಚ್ಚಿದ್ದರೆ ಮೇಲೆ ಜೋರು, ನೆಲ ಬಿಡಲು ಮಾತ್ರ ಉದ್ದ ದಾರಿ ಬೇಕು. ಮರದ್ದು ಹಗುರ, ಆದರೆ ಕೆತ್ತಿದ ತಿರುಚೇ ಕೊನೆ. ಇನ್ನೊಂದು ಬಗೆಯದರಲ್ಲಿ ವಿಮಾನ ನಿಂತಿರುವಾಗ ಬೋಲ್ಟ್ ಸಡಿಲಿಸಿ ತಿರುಚನ್ನು ಬದಲಿಸಬಹುದು. ಮೂರನೆಯದು ಹಾರುತ್ತಿರುವಾಗಲೇ ಬದಲಾಗುತ್ತದೆ. ಅದರ ಭಾರವೂ ಹೆಚ್ಚು, ರಗಳೆಯೂ ಹೆಚ್ಚು.

ಹತ್ತೊಂಬತ್ತು ವರ್ಷಗಳ ಹಿಂದೆ ರಾಸ್ ಹೆನೆಸ್ಸಿ ಎಂಬ ಕುರಿ ಸಾಕುವವರು ಬಂದು, ಜೋರಾಗಿ ಹೋಗುವಂಥದ್ದು ಬೇಕೆಂದರು. ಡೆಲ್ಮಾ ಕೆತ್ತಿ ಕೊಟ್ಟರು. ನಮ್ಮ ಕಡೆ ಬೇಸಿಗೆಯಾದ ಜನವರಿಯ ಸುಡುಬಿಸಿಲಿನ ಒಂದು ಮಧ್ಯಾಹ್ನ ಆ ವಿಮಾನ ರಾಸ್ ಅವರ ಗಿಡ್ಡ ಓಡುದಾರಿಯಿಂದ ಏಳಲಾರದೆ ಬೇಲಿಗೆ ಹೊಡೆಯಿತು. ರಾಸ್ ಉಳಿದರು, ಆದರೆ ಎಡಗಾಲು ಮೊದಲಿನಂತಾಗಲಿಲ್ಲ.

"ಅವನು ನನ್ನ ಒಂದು ಮಾತೂ ಬೈಲಿಲ್ಲ. 'ಕೇಳಿದ್ದನ್ನೇ ಕೊಟ್ಟೆಯಲ್ಲ' ಅಂದ. ಅದೇ ನನ್ನ ತಪ್ಪು. ಎಲ್ಲಿಂದ ಏಳ್ತೀಯಾ ಅಂತ ನಾನು ಕೇಳಲೇ ಇಲ್ಲ." ಅದಾದ ಮೇಲೆ ಎಂಟು ತಿಂಗಳು ಅವರು ಉಪಕರಣ ಮುಟ್ಟಲಿಲ್ಲ. ಮತ್ತೆ ಶುರುಮಾಡಿದಾಗ, ಓಡುದಾರಿಯ ಉದ್ದವನ್ನೂ ಅದರ ಕೊನೆಯಲ್ಲಿ ಏನಿದೆ ಎಂಬುದನ್ನೂ ಹೇಳದವರಿಗೆ ಕೆತ್ತುವುದಿಲ್ಲ ಎಂದು ನಿಶ್ಚಯಿಸಿದ್ದರು.

ಕಳೆದ ಆಗಸ್ಟ್‌ನಲ್ಲಿ ಬಂದವರು ಶಾಲಾ ಬಸ್ಸಿನ ಚಾಲಕ ಕಾಲಿನ್ ಪೆಂಗೆಲಿ. ಆರು ವರ್ಷ ದುಡಿದು ಎರಡು ಸೀಟಿನ ವಿಮಾನ ಕಟ್ಟಿದ್ದರು. ಹಾರುವಾಗಲೇ ಬದಲಾಗುವ ಪ್ರೊಪೆಲರಿನ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ತಂದಿದ್ದರು.

"ನಿನ್ನ ದಾರಿ ಎಷ್ಟುದ್ದ?"

"ನಾನೂರೈವತ್ತು ಮೀಟರು. ಕೊನೇಲಿ ಕರೆಂಟಿನ ತಂತಿ."

"ಹಂಗಾದ್ರೆ ಇದು ಬೇಡ. ಮೂತಿ ಭಾರ ಆಗುತ್ತೆ. ಅಲ್ಲದೆ, ಮೊದಲನೇ ಸಲ ಹಾರೋನಿಗೆ ಕೈಯಲ್ಲಿ ಇನ್ನೊಂದು ಲಿವರ್ ಯಾಕೆ?"

"ನೀನು ಮಾಡಲ್ಲ ಅಂತ ಬೇಡ ಅಂತೀಯ. 'ನನ್ನ ಮರದ್ದೇ ಹಾಕಿಸ್ಕೋ' ಅನ್ನು ಮತ್ತೆ."

"ಅದೂ ಬೇಡ ಮಾರಾಯ. ನಿನ್ನ ವಿಮಾನ ಗಾಳೀಲಿ ಹೆಂಗಿರುತ್ತೆ ಅಂತ ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಬೋಲ್ಟ್ ಸಡಿಲಿಸಿ ತಿರುಗಿಸೋದನ್ನ ತಗೋ."

ಅದನ್ನು ಮಾಡುವವರ ವಿಳಾಸವನ್ನು ಡೆಲ್ಮಾ ತಾವೇ ಬರೆದುಕೊಟ್ಟರು. ಕಾಲಿನ್ ಮುಖ ಊದಿಸಿಕೊಂಡು ಹೋದರು. ಎರಡು ತಿಂಗಳು ಅಂಗಡಿಯಲ್ಲಿ ಎದುರಾದರೂ ಮಾತಿಲ್ಲ. ಅಕ್ಟೋಬರಿನಲ್ಲಿ ಫೋನು ಬಂತು: "ತಂದಿದ್ದೀನಿ. ಕೂರಿಸೋಕೆ ಬರ್ತೀಯಾ?"

ಡೆಲ್ಮಾ ಹೋದರು. ವಿಮಾನದ ಬಾಲವನ್ನು ಟ್ರ್ಯಾಕ್ಟರಿಗೆ ಸರಪಳಿಯಿಂದ ಕಟ್ಟಿ, ಎಂಜಿನ್ ಪೂರ್ತಿ ಜೋರು ಮಾಡಿಸಿ, ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ಲೆಕ್ಕ ಹಾಕಿದರು. ಮೂರು ಸಲ ಬೋಲ್ಟ್ ಬಿಚ್ಚಿ ಅಲಗು ಹೊರಳಿಸಿದರು. "ಅವಸರ ಮಾಡಬೇಡ" ಎಂದು ಕಾಲಿನ್ ಹೆಂಡತಿ ಗಂಡನಿಗೆ ಹೇಳುತ್ತಲೇ ಎಲ್ಲರಿಗೂ ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ ಬಿಸಿ ಪೇಸ್ಟಿ ತಂದುಕೊಟ್ಟರು.

ಕಳೆದ ಶನಿವಾರ, ಗಾಳಿ ಇಲ್ಲದ ಮುಂಜಾನೆ, ಕಾಲಿನ್ ತಮ್ಮ ಹೊಲದಿಂದ ಮೇಲೇರಿದರು. ತಂತಿಗೂ ವಿಮಾನಕ್ಕೂ ನಡುವೆ ಒಂದು ಮನೆ ಹಿಡಿಸುವಷ್ಟು ಜಾಗ ಉಳಿದಿತ್ತಂತೆ. ನೇರ ನಮ್ಮ ವಿಮಾನದಂಗಳಕ್ಕೆ ಬಂದು, ಎರಡು ಸುತ್ತು ಹೊಡೆದು ಇಳಿದರು. ಅಂಗಳದ ಹಾರಾಟದ ಕ್ಲಬ್ಬಿನವರೆಲ್ಲ ಕ್ಯಾಮೆರಾ ಹಿಡಿದು ಓಡಿದರು. ಡೆಲ್ಮಾ ಶೆಡ್ಡಿನಲ್ಲೇ ಇದ್ದರು, ಹಲಗೆಗೆ ಅಂಟು ಹಚ್ಚಿಯಾಗಿತ್ತು, ನಡುವೆ ಬಿಟ್ಟೇಳುವಂತಿರಲಿಲ್ಲ.

ಅರ್ಧ ಗಂಟೆಯ ನಂತರ ಕಾಲಿನ್ ಬಾಗಿಲಲ್ಲಿ ಬಂದು ನಿಂತರು. ಕಣ್ಣು ಕೆಂಪಾಗಿತ್ತು.

"ನೋಡಿದ್ಯಾ, ಡೆಲ್?"

"ಇಲ್ಲ. ಕೇಳಿಸ್ಕೊಂಡೆ. ಎಂಜಿನ್ ಇನ್ನೂ ಸ್ವಲ್ಪ ಜಾಸ್ತಿ ಸುತ್ತುತಾ ಇದೆ. ಅರ್ಧ ಡಿಗ್ರಿ ತಿರುಗಿಸಿದ್ರೆ ಸರಿಹೋಗುತ್ತೆ. ಕೈ ತೊಳ್ಕೊಂಡು ಬರ್ತೀನಿ, ಸ್ಪ್ಯಾನರ್ ತಗೊಂಡಿರು."