ಮೇಲಕ್ಕೆದ್ದ ಬೇರು

ಬೇರು ಆಕಾಶಕ್ಕೆ ಮುಖ ಮಾಡಿ ಬೆಳೆಯುವುದನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಮಳೆಗಾಲಕ್ಕೆ ಮುಂಚಿನ ಪತ್ತನಾಜೆ ಹಬ್ಬ ಕಳೆದು ಹನ್ನೊಂದನೆಯ ದಿನ, ಸಿದ್ಧಕಟ್ಟೆಯಲ್ಲಿ, ನೆರೆಮನೆಯ ಕಮಲಕ್ಕ ಭತ್ತದ ಸಸಿ ಎಬ್ಬಿಸುವ ನೇಜಿಗದ್ದೆಯಲ್ಲಿ. (ಡೈರಿಯಲ್ಲಿ ದಿನ ಬರೆದಿಡುವುದು ನನ್ನ ಚಟ.)

ಬಿತ್ತಿದ ಭತ್ತವೇನೋ ಮೊಳೆತಿತ್ತು. ಆದರೆ ಬೇರು ಕೆಸರಿಗೆ ಇಳಿದಿರಲಿಲ್ಲ. ಕೆಲವು ಅಡ್ಡಕ್ಕೆ ಹೊರಳಿದ್ದವು, ಕೆಲವು ಮೇಲಕ್ಕೆದ್ದು ಬಿಸಿಲಿಗೆ ಕಂದಿದ್ದವು. ಆ ಮನೆಯಲ್ಲಿದ್ದ ಬೀಜವೆಲ್ಲ ಅದೇ, ಮತ್ತೆ ಬಿತ್ತಲು ಬೇರೆ ಇರಲಿಲ್ಲ.

"ಸೊಸೆ ಮುಟ್ಟಬಾರದ ದಿನ ಬೀಜ ಮುಟ್ಟಿದ್ದಾಳೆ" ಎಂದರು ಕಮಲಕ್ಕ. "ಇಲ್ಲದಿದ್ದರೆ ಕೆಳಗೆ ಯಾವುದು, ಮೇಲೆ ಯಾವುದು ಅಂತ ಬೇರಿಗೆ ಗೊತ್ತಾಗುವುದಿಲ್ಲವಾ?"

ಸೊಸೆ ಸುಂದರಿ ತಲೆ ತಗ್ಗಿಸಿ ನಿಂತಿದ್ದಳು. ಬೀಜ ನೆನೆಹಾಕಿದವಳು ಅವಳೇ.

ನಾನು ನೋಡುತ್ತಿದ್ದದ್ದು ಬದುವಿನ ಮೇಲಿದ್ದ, ಅವಳು ಬೀಜ ನೆನೆಹಾಕಿದ ದೊಡ್ಡ ಮಣ್ಣಿನ ಮಡಕೆಯನ್ನು. ಅವಳು ನೆನೆಹಾಕುವ ಹಿಂದಿನ ವಾರ ಅದನ್ನೇ ಎರವಲು ತಂದು, ಮೂಡಬಿದಿರೆಯಿಂದ ತರಿಸಿದ ಕಳೆ ಸಾಯಿಸುವ ಮದ್ದು ಕಲಸಿದ್ದೆ. ಮೂರು ಸಲ ತೊಳೆದೇ ಹಿಂತಿರುಗಿಸಿದ್ದೆ. ಡೈರಿಯಲ್ಲಿ ಉಂಟು. ಮಣ್ಣು ಮದ್ದನ್ನು ಕುಡಿದು ಇಟ್ಟುಕೊಳ್ಳುತ್ತದೆಂದು ಯಾರಿಗೆ ಗೊತ್ತು?

ಆಗಲೇ ಹೇಳಬೇಕಿತ್ತು. ಆದರೆ ಖಾತ್ರಿಯಿಲ್ಲದೆ ಹೇಳುವುದು ಹೇಗೆ?

ಮಡಕೆಯನ್ನು ಮತ್ತೆ ಕೇಳಿ ತಂದೆ. ನಮ್ಮಲ್ಲಿ ಬಿತ್ತಿ ಉಳಿದಿದ್ದ ಹಿಡಿ ಭತ್ತದಿಂದ ಇಪ್ಪತ್ತು ಕಾಳು ಆರಿಸಿದೆ. ಹತ್ತನ್ನು ಆ ಮಡಕೆಯಲ್ಲಿ, ಹತ್ತನ್ನು ತೆಂಗಿನ ಕರಟದಲ್ಲಿ ನೆನೆಹಾಕಿದೆ. ಎರಡಕ್ಕೂ ಒಂದೇ ಬಾವಿಯ ನೀರು. ಆಮೇಲೆ ಹಲಗೆಯ ಮೇಲೆ ಕೆಸರು ಹರಡಿ, ಎರಡು ಸಾಲು ಮಾಡಿ ಇಟ್ಟು ದಿನವೂ ಎಣಿಸಿದೆ. ನೆನೆಹಾಕಿದ ಐದನೆಯ ಬೆಳಿಗ್ಗೆ ಕರಟದ ಸಾಲಿನಲ್ಲಿ ಒಂಬತ್ತು ಬೇರು ಕೆಳಗಿಳಿದಿದ್ದವು. ಮಡಕೆಯ ಸಾಲಿನಲ್ಲಿ ಒಂದೂ ಇಲ್ಲ.

ಹಲಗೆ, ಡೈರಿ ಎರಡನ್ನೂ ಹಿಡಿದು ಹೋದೆ. ತಪ್ಪು ನನ್ನದು ಎಂದೆ.

ಕಮಲಕ್ಕ ಎರಡೂ ಸಾಲನ್ನು ಬಗ್ಗಿ ನೋಡಿದರು. "ಓದಿದವ ನೀನು. ಮಡಕೆಗೆ ಎಂಥ ಹಾಕಿದ್ದೆ ಅಂತ ಒಂದು ಮಾತು ಹೇಳಲಿಕ್ಕೆ ಬಾಯಿ ಇರಲಿಲ್ಲವಾ ಮಾರಾಯ? ಈ ವರ್ಷ ಗದ್ದೆಗೆ ಏನು ನೆಡುವುದು, ನಿನ್ನ ಪುಸ್ತಕವನ್ನಾ?"

ಸೊಸೆಯ ಕಡೆ ತಿರುಗಿಯೂ ನೋಡದೆ ಒಳಗೆ ಹೋದರು.

ಸುಂದರಿ ಡೈರಿ ತೆಗೆದುಕೊಂಡು, ಬೆರಳಿಟ್ಟು ಒಂದೊಂದೇ ದಿನದ ಲೆಕ್ಕ ಓದಿದಳು. ಮುಚ್ಚಿ ನನ್ನ ಕೈಗೇ ಕೊಟ್ಟಳು.

"ಮೊದಲ ದಿನವೇ ನಿಮಗೆ ಸಂಶಯ ಬಂದಿತ್ತಲ್ಲ ಅಣ್ಣ. ಈ ಐದು ದಿನ ನಾನು ತಿಂದ ಬೈಗುಳ ಯಾವ ಪುಟದಲ್ಲಿ ಉಂಟು?"