ಹುಲ್ಲಿನ ಮೈಗೆ ಕೂರದ ಮುಖ

ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರದ ನೆನಪಿಗೆಂದು ಅಚ್ಚು ಹಾಕಿಸಿದ ಸಂಚಿಕೆಯಲ್ಲಿ ನನ್ನ ದೊಡ್ಡಪ್ಪನ ಬಗ್ಗೆ ಅರ್ಧ ಪುಟವಿದೆ. ಅವರು ತೀರಿಹೋದ ಹೆಂಡತಿಯ ಪ್ರತಿಮೆಯನ್ನು ಹುಲ್ಲು, ಮಣ್ಣಿನಲ್ಲಿ ಮಾಡಿ ಹೊಲದಲ್ಲಿ ನಿಲ್ಲಿಸಿದರೆಂದೂ, ಅದರ ಮುಖ ಥೇಟು ಆಕೆಯದೇ ಆಗಿತ್ತೆಂದೂ, ಮನೆಯ ಹಸು ಅದರ ಮುಂದೆ ನಿಂತು ಕಣ್ಣೀರಿಟ್ಟಿತೆಂದೂ, ದೃಷ್ಟಿಯಾಗದಿರಲೆಂದು ದೊಡ್ಡಪ್ಪ ಆ ಮುಖಕ್ಕೆ ಸೆರಗು ಮುಚ್ಚಿದರೆಂದೂ ಬರೆದಿದ್ದಾರೆ. ಬರೆದವರು ಆಗ ಹುಟ್ಟಿರಲಿಲ್ಲ. ನಾನು ಅಲ್ಲಿದ್ದೆ. ಹಸು ನಿಂತದ್ದು ನಿಜ; ಪ್ರತಿಮೆಯ ಒಳಗಿನ ಹೊಸ ರಾಗಿ ಹುಲ್ಲಿಗೆ ಬಾಯಿ ಹಾಕಲು ನಿಂತಿತ್ತು. ಉಳಿದುದನ್ನು ತಿದ್ದುವುದು ಅಷ್ಟು ಸುಲಭವಲ್ಲ.

ಐವತ್ತರ ದಶಕದ ಮಾತು. ಕಂಪಲಾಪುರದ ಸುತ್ತಿನ ಹೊಲಗಳಲ್ಲಿ ತೆನೆ ಕಾಯಲು ಎಲ್ಲರೂ ಬೆರ್ಚಪ್ಪನನ್ನು ನಿಲ್ಲಿಸುತ್ತಿದ್ದರು: ಅಡ್ಡಕೋಲಿಗೊಂದು ಹರಿದ ಅಂಗಿ, ಮೇಲೊಂದು ಮಸಿ ಮಡಕೆ. ದೊಡ್ಡಪ್ಪನ ಬೆರ್ಚಪ್ಪ ಹಾಗಿರುತ್ತಿರಲಿಲ್ಲ. ಹೊಗೆಸೊಪ್ಪಿನ ಒಣಕಡ್ಡಿಯನ್ನು ಎಲುಬಿನಂತೆ ಕಟ್ಟಿ, ರಾಗಿ ಹುಲ್ಲು ಸುತ್ತಿ, ಗೋಣಿತಾಟು ಹೊಲಿದು, ಅದರ ಮೇಲೆ ಹುತ್ತದ ಮಣ್ಣನ್ನು ಸಗಣಿ ಮತ್ತು ಹುಣಸೆ ಬೀಜದ ಅಂಟಿನೊಡನೆ ಕಲಸಿ ಮೆತ್ತುತ್ತಿದ್ದರು. ಒಂದು ವರ್ಷ ಅದಕ್ಕೆ ಪಟೇಲರ ಹೊಟ್ಟೆ ಬಂದಿತ್ತು. "ಪಟೇಲ್ರೇ ಅಕ್ಕಿ ಓಡ್ಸಕ್ಕೆ ನಿಂತವ್ರೆ ಕಣ್ಲಾ" ಎಂದು ದಾರಿಯಲ್ಲಿ ಹೋಗುವವರು ನಗುತ್ತಿದ್ದರು. ಪಟೇಲರೇ ಬಂದು ನೋಡಿ, ಹೊಟ್ಟೆಯನ್ನು ಒಂದಿಷ್ಟು ಕರಗಿಸಲು ಹೇಳಿ ಹೋದರಂತೆ. ಇದು ನಾನು ಕೇಳಿದ್ದು, ಕಂಡದ್ದಲ್ಲ.

ದೊಡ್ಡಮ್ಮ, ಎಂದರೆ ನನ್ನ ತಾಯಿಯ ಅಕ್ಕ, ಮೂರು ದಿನದ ಜ್ವರದಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಫೋಟೋ ಕೂಡ ಇರಲಿಲ್ಲ. ಒಮ್ಮೆ ದೊಡ್ಡಪ್ಪ ಹುಣಸೂರಿನ ಸ್ಟುಡಿಯೋದ ಮೆಟ್ಟಿಲವರೆಗೆ ಕರೆದೊಯ್ದಿದ್ದರೂ, ಪಟ ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತದೆಂದು ದೊಡ್ಡಮ್ಮ ಹಿಂದಿರುಗಿಬಿಟ್ಟಿದ್ದರು. ನಮ್ಮವರ ಪದ್ಧತಿಯಂತೆ ಅವರನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ ಮಣ್ಣು ಮಾಡಿದೆವು. ವರ್ಷ ತುಂಬುವ ಮುನ್ನ ದೊಡ್ಡಪ್ಪ ನಮ್ಮ ಮನೆಗೆ ಬಂದು, ಅಮ್ಮನ ಮುಂದೆ ತಲೆ ತಗ್ಗಿಸಿ ಕೂತರು.

"ಅವಳ ಮೊಕ ಮರ್ತೋಯ್ತಾ ಅದೆ ಕಣವ್ವ. ಕೈ ಗ್ಯಾಪಕ ಅದೆ, ನಡಿಗೆ ಗ್ಯಾಪಕ ಅದೆ. ಮೊಕ ಮಾತ್ರ ಬತ್ತಿಲ್ಲ."

ನಾನು ದೊಡ್ಡಮ್ಮನ ಅಚ್ಚು ಎಂದು ಎಲ್ಲರೂ ಹೇಳುತ್ತಿದ್ದರು. ನನ್ನನ್ನು ಎದುರು ಕೂರಿಸಿಕೊಂಡು ಅವರ ಗೊಂಬೆಗೆ ಮುಖ ಮಾಡಬೇಕೆಂಬುದು ದೊಡ್ಡಪ್ಪನ ಆಸೆ. ಆಗ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ಬಸುರಿ ಸತ್ತವರ ಗೊಂಬೆಯ ಮುಂದೆ ಕೂರಬಾರದೆಂದು ಅಮ್ಮ ತಡೆದಳು. ಕೈಗೆ ಸಿಕ್ಕ ಪುಸ್ತಕಗಳನ್ನೆಲ್ಲ ಓದಿಕೊಂಡು, ಕಾರಣ ಹೇಳದ ಹೊರತು ಯಾವ 'ಬಾರದು'ವನ್ನೂ ಒಪ್ಪುವುದಿಲ್ಲವೆಂದು ಹಟ ಹಿಡಿದಿದ್ದ ಕಾಲ ಅದು. ಅಮ್ಮನಲ್ಲಿ ಕಾರಣವಿರಲಿಲ್ಲ. ನಾನು ಹೋದೆ.

ದೊಡ್ಡಪ್ಪನ ಕೊಟ್ಟಿಗೆಯಲ್ಲಿ ಗೊಂಬೆಯ ಮೈ ಆಗಲೇ ಸಿದ್ಧವಾಗಿ ನಿಂತಿತ್ತು. ದೊಡ್ಡಪ್ಪ ಪಿರಿಯಾಪಟ್ಟಣದಿಂದ ಬರುವುದನ್ನು ಕಾಯುವಾಗ ಹಣೆಗೆ ಕೈ ಅಡ್ಡ ಹಿಡಿದು ದೊಡ್ಡಮ್ಮ ದಾರಿ ನೋಡುತ್ತಿದ್ದ ಅದೇ ಭಂಗಿ. ಕೊಡ ಹೊತ್ತು ಹೊತ್ತು ಇಳಿದ ಅದೇ ಎಡ ಹೆಗಲು. ಸೀರೆಯೂ ದೊಡ್ಡಮ್ಮನದೇ. ಸತ್ತವರ ಬಟ್ಟೆಯನ್ನೆಲ್ಲ ಕೊಟ್ಟುಬಿಡಬೇಕೆಂಬ ಪದ್ಧತಿಗೆ ತಪ್ಪಿ ದೊಡ್ಡಪ್ಪ ಅದೊಂದನ್ನು ಉಳಿಸಿಕೊಂಡಿದ್ದರು. ಮುಖವಿಲ್ಲದ ಆ ಮೈಯನ್ನು ಕಂಡೇ ನಾನು ಅತ್ತುಬಿಟ್ಟೆ.

ಐದು ದಿನ ಕೂತೆ. ಅವರು ನನ್ನನ್ನೊಮ್ಮೆ ನೋಡಿ, ಹೆಬ್ಬೆರಳಿನಿಂದ ಮಣ್ಣನ್ನೊಮ್ಮೆ ಒತ್ತುತ್ತಿದ್ದರು. ಬಸುರಿನಿಂದ ನನ್ನ ಮುಖ ತುಂಬಿಕೊಂಡಿತ್ತು. ದೊಡ್ಡಮ್ಮನ ಕೆನ್ನೆ ಗುಳಿಬಿದ್ದದ್ದು, ತುಟಿಯ ಪಕ್ಕ ಒಂದು ಗೆರೆಯಿತ್ತು. ಮೂರನೆಯ ದಿನ ಆ ಗುಳಿ ಇರಬೇಕಾದ ಕಡೆ ದೊಡ್ಡಪ್ಪ ಮಣ್ಣು ತುಂಬುವುದನ್ನು ಕಂಡೆ. ಗುಳಿ ನನಗೆ ಸರಿಯಾಗಿ ನೆನಪಿದೆಯೋ, ನಾನೇ ಕಲ್ಪಿಸಿಕೊಂಡೆನೋ ಎಂಬ ಅನುಮಾನ ಬಂತು. ಅದನ್ನೇ ನೆಪ ಮಾಡಿಕೊಂಡು ಸುಮ್ಮನಿದ್ದೆ.

ಐದನೆಯ ಸಂಜೆ ಅವರು ಹಿಂದೆ ಸರಿದು ನಿಂತು ಕೇಳಿದರು. "ಅವಳಂಗೇ ಅದಾ ಮಗ?"

"ಅವ್ರಂಗೇ ಅದೆ, ದೊಡ್ಡಪ್ಪ."

ಅವರು ಗೊಂಬೆಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಗೊಂಬೆಯನ್ನು ನೋಡಿದರು.

"ನಿನ್ನಂಗದೆ ಕಣವ್ವ," ಎಂದರು. "ಬುಡು. ಚೆಂದಾಗದೆ."

ಕೈ ತೊಳೆದು ಬಂದು, ಸೀರೆಯ ಸೆರಗನ್ನು ಗಲ್ಲದವರೆಗೂ ಎಳೆದು ಮುಖ ಮುಚ್ಚಿದರು. ಮಾರನೆಯ ದಿನ, ಕಾಯಲು ಬೆಳೆಯೇ ಇಲ್ಲದ ಕೊಯ್ದ ಹೊಲದ ಬದುವಿನ ಮೇಲೆ ಅದನ್ನು ನಿಲ್ಲಿಸಿದರು. ಆ ಸೆರಗನ್ನು ಯಾರೂ ಎತ್ತಲಿಲ್ಲ. ಮೈ ನೋಡಿ, ಹೆಗಲು ನೋಡಿ, ಸಾಕ್ಷಾತ್ ಅವಳೇ ಎಂದು ಊರು ತೀರ್ಮಾನಿಸಿತು. ಮುಂಗಾರಿನಲ್ಲಿ ಅದು ಕರಗುತ್ತಿದ್ದಾಗ ದೊಡ್ಡಪ್ಪ ಗೋಣಿ ಹೊದಿಸಲಿಲ್ಲ. ಮತ್ತೆಂದೂ ಅವರು ಮನುಷ್ಯರ ಮುಖ ಮಾಡಲಿಲ್ಲ. ಮಸಿ ಮಡಕೆಯೇ ಸಾಕೆಂದರು.

ಸಂಚಿಕೆಗೆ ತಿದ್ದುಪಡಿ ಬರೆಯಲು ಕೂತಾಗಲೆಲ್ಲ ದೊಡ್ಡಮ್ಮನನ್ನು ನೆನೆಯಲು ಯತ್ನಿಸುತ್ತೇನೆ. ನನಗೂ ಈಗ ಆ ತುಂಬಿದ ಕೆನ್ನೆಯೇ ಕಣ್ಣಿಗೆ ಬರುತ್ತದೆ. ಮೂರನೆಯ ದಿನವೇ ಬಾಯಿ ಬಿಟ್ಟಿದ್ದರೆ, ಮಣ್ಣು ಇನ್ನೂ ಹಸಿಯಾಗಿತ್ತು, ತೆಗೆಯಬಹುದಿತ್ತು.